ಅಟ್ಟದಲ್ಲಿ ಸಿಕ್ಕ ಕ್ಯಾಸೆಟ್ ಡಬ್ಬ: ನಮ್ಮ ಕಡೆಯ ಯಾವ ಗಾಯಕರನ್ನು ಮೊದಲು ಉಳಿಸಿಕೊಳ್ಳಲಿ?

ತೀರ್ಥಹಳ್ಳಿಯವ

ನಮಸ್ಕಾರ. ಹಂಚು ಬದಲಿಸುವಾಗ ಅಟ್ಟದಿಂದ ಅಪ್ಪನ ಕ್ಯಾಸೆಟ್ ಡಬ್ಬ ಇಳಿಸಿದ್ದೇವೆ. ಭಾವಗೀತೆ, ಯಕ್ಷಗಾನ, ದೇವರನಾಮ ಎಲ್ಲಾ ಇದೆ. ಕೆಲವಕ್ಕೆ ಚೀಟಿಯೇ ಇಲ್ಲ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕುವಷ್ಟು ಪುರುಸೊತ್ತಿಲ್ಲ, ಹಾಗಾಗಿ ಯಾವುದು ಮೊದಲು ಅಂತ ಕೇಳುತ್ತಿದ್ದೇನೆ. ಅಶ್ವಥ್, ಮೈಸೂರು ಅನಂತಸ್ವಾಮಿ ಮೊಬೈಲ್‌ನಲ್ಲೇ ಸಿಗುತ್ತಾರೆ. ನನಗೆ ಬೇಕಿರುವುದು ನಮ್ಮ ಮಲೆನಾಡಿನ ಕಡೆ ಕೇಳುತ್ತಿದ್ದವರು, ಬರಬೇಕಾದಷ್ಟು ಹೆಸರು ಬಾರದವರು. ನಿಮ್ಮ ಮನೆಯಲ್ಲಿ ಹಾಕಿ ಹಾಕಿ ಸವೆದ ಕ್ಯಾಸೆಟ್ ಯಾವುದು ಅಂತಲೂ ಹೇಳಿ.

ಸಾಗರದ ಹುಡುಗಿ

ಸುಲಭವಾಗಿ ಸಿಗುತ್ತೆ ಅಂತ 'ನಿತ್ಯೋತ್ಸವ' ಬದಿಗಿಡಬೇಡಿ. 1978ರಲ್ಲಿ ಬಂದದ್ದು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅಂತಲೇ ಅದಕ್ಕೆ ಹೆಸರು. ಜೋಗ, ತುಂಗೆ ಇರುವುದರಿಂದ ನಮ್ಮವರೆಲ್ಲ ಅದನ್ನು ಊರ ಹಾಡು ಮಾಡಿಕೊಂಡಿದ್ದಾರೆ, ಆದರೆ ಅದರಲ್ಲಿ ಸಹ್ಯಾದ್ರಿಯ ಅದಿರೂ ಬರುತ್ತೆ ಅನ್ನೋದನ್ನು ಎಷ್ಟು ಜನ ಗಮನಿಸಿದ್ದಾರೆ? ಅದನ್ನು ಬರೆದ ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು, ಶಿವಮೊಗ್ಗದಲ್ಲೂ ಪಾಠ ಮಾಡಿದವರು. ಬೇರೆಯವರಾಗಿದ್ದರೆ ಬೆಟ್ಟ ನೋಡಿ ಮಂಜು, ಮೋಡ ಅಂತ ಬರೆದು ಮುಗಿಸುತ್ತಿದ್ದರು.

ಆದರೆ ನನ್ನ ಓಟು ಶಿವಮೊಗ್ಗ ಸುಬ್ಬಣ್ಣ ಅವರಿಗೆ. ಹೊಸನಗರ ತಾಲೂಕಿನ ನಗರದವರು, ವಕೀಲಿ ಮಾಡುತ್ತಲೇ ಹಾಡಿದವರು. 'ಕಾಡು ಕುದುರೆ' ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಅದನ್ನು ಪಡೆದ ಮೊದಲ ಕನ್ನಡಿಗ ಅವರೇ. ತೊಂದರೆ ಏನು ಅಂದರೆ, ಅವರ ಹೆಸರೆತ್ತಿದರೆ ಜನ ಆ ಕುದುರೆ ಬಿಟ್ಟು ಮುಂದೆ ಹೋಗುವುದೇ ಇಲ್ಲ. ಶರೀಫರ ಪದಗಳನ್ನು ಅವರ ದನಿಯಲ್ಲಿ ಕೇಳಿ. ಅಶ್ವಥ್ ಹಾಡಿದರೆ ಶರೀಫರು ಎದುರು ನಿಂತು ಗದರಿದ ಹಾಗಿರುತ್ತೆ, ಸುಬ್ಬಣ್ಣ ಹಾಡಿದರೆ ಜಗಲಿಯಲ್ಲಿ ಪಕ್ಕ ಕೂತು ಹೇಳಿದ ಹಾಗೆ. ನಮ್ಮ ಮನೆಯಲ್ಲಿ ಸವೆದದ್ದು ಅದೇ.

ನಿಟ್ಟೂರು ಮಾಣಿ

ರಾಷ್ಟ್ರಪ್ರಶಸ್ತಿ ಬಂದವರು ಹೆಸರು ಬಾರದವರು ಹೇಗಾಗ್ತಾರೆ ಅಕ್ಕಾ? 😄

ಭಾವಗೀತೆಯವರು ಪಟ್ಟಿ ಮಾಡುವಾಗ ಯಕ್ಷಗಾನದ ಭಾಗವತರು ಗಾಯಕರೇ ಅಲ್ಲವೇನೋ ಅನ್ನೋ ಹಾಗೆ ಬಿಟ್ಟುಬಿಡುತ್ತಾರೆ. ಕಾಳಿಂಗ ನಾವಡರು ಘಟ್ಟದ ಕೆಳಗಿನವರು, ಸರಿ. ಆದರೆ ಸಾಲಿಗ್ರಾಮ ಮೇಳ ಘಟ್ಟ ಹತ್ತಿ ಬಂದರೆ ಅವರ ಪದ ಕೇಳೋಕೆ ಅಂತಲೇ ಇಲ್ಲಿಯವರು ಟಾರ್ಚ್ ಹಿಡಿದು ಮೈಲಿಗಟ್ಟಲೆ ನಡೆದು ಹೋಗುತ್ತಿದ್ದರು. 'ನಾಗಶ್ರೀ' ಪ್ರಸಂಗ ಬರೆದದ್ದೂ ಅವರೇ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು 32ರ ಆಸುಪಾಸು, ಅಷ್ಟೇ.

ಚೀಟಿ ಇಲ್ಲದ್ದು ಅಂದಿರಲ್ಲ, ಅದನ್ನೇ ಮೊದಲು ಹಾಕಿ. ಕಂಪನಿ ಕ್ಯಾಸೆಟ್ ಹತ್ತು ಮನೆಯಲ್ಲಿ ಸಿಗುತ್ತೆ, ಯಕ್ಷಗಾನದ ಆಟಕ್ಕೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ನಿಮ್ಮಪ್ಪ ತುಂಬಿಸಿಕೊಂಡು ಬಂದದ್ದು ಏನಾದರೂ ಇದ್ದರೆ ಅದು ನಿಮ್ಮ ಡಬ್ಬ ಬಿಟ್ಟು ಇನ್ನೆಲ್ಲೂ ಇರುವುದಿಲ್ಲ. ಚಂಡೆ ಜೋರು, ಭಾಗವತರು ದೂರ, ನಡುವೆ ಕಡಲೆ ಮಾರುವವನ ಕೂಗು. ಅದನ್ನೆಲ್ಲ ಕತ್ತರಿಸಬೇಡಿ ಮಾರಾಯ್ರೇ.

ವಿನೋಬನಗರ

ಗಮಕ ಯಾರೂ ಹೇಳಲಿಲ್ಲ ಅಲ್ವಾ? ಹೊಸಹಳ್ಳಿ ಕೇಶವಮೂರ್ತಿಗಳು. ವಿಡಿಯೋ ಮಾಡುವವರೆಲ್ಲ ಮತ್ತೂರಿಗೆ ಬಂದು ಸಂಸ್ಕೃತ ಮಾತಾಡುವುದನ್ನು ತೋರಿಸಿ ಹೋಗುತ್ತಾರೆ, ಹೊಳೆಯ ಎದುರು ದಡದಲ್ಲೇ ಒಬ್ಬರು ಜೀವಮಾನವಿಡೀ ಕನ್ನಡ ಕಾವ್ಯ ವಾಚನ ಮಾಡಿದ್ದು ಯಾರಿಗೂ ಬೇಕಿರಲಿಲ್ಲ. 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಹೋಗಿಬಿಟ್ಟರು.

ಕೇಳದವರಿಗೆ ಹೇಳುತ್ತೇನೆ. ಗಮಕದಲ್ಲಿ ತಾಳ ಇಲ್ಲ. ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ರಾಗ ಪದ್ಯದ ಹಿಂದೆ ಹೋಗಬೇಕೇ ಹೊರತು ಮುಂದೆ ಓಡಬಾರದು. ಪುಸ್ತಕದಲ್ಲಿ ಕುಮಾರವ್ಯಾಸನನ್ನು ನೋಡಿದರೆ ನನಗೆ ಈಗಲೂ ತಲೆಬುಡ ತಿಳಿಯುವುದಿಲ್ಲ, ಅವರು ಓದಿದರೆ ಯಾರು ಯಾರಿಗೆ ಬೈಯುತ್ತಿದ್ದಾರೆ ಅಂತ ಅರ್ಧ ಅರ್ಥ ವಿವರಣೆಗೆ ಮೊದಲೇ ಆಗಿರುತ್ತೆ. ಭದ್ರಾವತಿ ಆಕಾಶವಾಣಿಯಿಂದ ಹಿಡಿದಿಟ್ಟದ್ದು ಡಬ್ಬದಲ್ಲಿ ಇದ್ದರೂ ಇರಬಹುದು, ಹುಡುಕಿ. ಗಾಯಕ ಗರ್ತಿಕೆರೆ ರಾಘಣ್ಣನವರದ್ದು ಸಿಕ್ಕರೂ ಬಿಡಬೇಡಿ. ಬೆಂಗಳೂರಿನವರಿಗೆ ಗೊತ್ತಿಲ್ಲದ ಹೆಸರು ಅದು, ನಷ್ಟ ಅವರಿಗೆ.

ಕೊಪ್ಪದ ರಿಪೇರಿ ಅಣ್ಣ

ಹೆಸರೆಲ್ಲ ಆಮೇಲೆ. ಬೂಸ್ಟು ಹಿಡಿದಿದೆಯಾ ನೋಡಿದಿರಾ? ನಮ್ಮ ಮಳೆಗೆ ಅಟ್ಟದ ಕ್ಯಾಸೆಟ್ ಉಳಿಯುವುದೇ ಕಷ್ಟ. ಕಿಟಕಿಯಲ್ಲಿ ನೋಡಿ, ಟೇಪ್ ಸುರುಳಿಯ ಮೇಲೆ ಬಿಳಿ ಚುಕ್ಕೆ ಇದ್ದರೆ ಅದನ್ನು ಹಾಗೇ ಸೆಟ್‌ಗೆ ಹಾಕಬೇಡಿ. ಬೂಸ್ಟು ಸೆಟ್‌ನೊಳಗೆ ಟೇಪ್ ಓದುವ ಹೆಡ್‌ಗೆ ಹತ್ತುತ್ತೆ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ಹೋಗುತ್ತೆ. ಚೆನ್ನಾಗಿ ಒಣಗಿಸಿ, ಬಿಸಿಲಿಗೆ ಮಾತ್ರ ಇಡಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಕೂತು ಒರೆಸಿ. ಕ್ಯಾಸೆಟ್‌ಗೆ ಸ್ಕ್ರೂ ಇದ್ದರೆ ಬಿಚ್ಚಿ ಸುರುಳಿಯನ್ನು ಬೇರೆ ಒಳ್ಳೆ ಡಬ್ಬಿಗೆ ವರ್ಗಾಯಿಸಬಹುದು. ಟೇಪನ್ನು ಹೆಡ್‌ಗೆ ಒತ್ತುವ ಚಿಕ್ಕ ಪ್ಯಾಡ್ ಗೋಂದು ಒಣಗಿ ಉದುರಿರುತ್ತೆ, ಅದನ್ನೂ ನೋಡಿ. 'ಸ', 'ಚ' ಮಂಕಾಗಿ ಕೇಳಿದರೆ ಹೆಡ್ ಪಕ್ಕದ ಸ್ಕ್ರೂ ಒಂಚೂರು ತಿರುಗಿಸಿ, ದನಿ ಬಿಚ್ಚಿಕೊಳ್ಳುವವರೆಗೆ. ಪ್ರತಿ ಕ್ಯಾಸೆಟ್ ಆದ ಮೇಲೆ ಹೆಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ.

ಕಂಪ್ಯೂಟರಲ್ಲಿ ರೆಕಾರ್ಡ್ ಮಾಡೋಕೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಸಾಕು, ಪುಕ್ಕಟೆ ಸಿಗುತ್ತೆ. ಮೊದಲು ವೇವ್ ಫೈಲ್ ಮಾಡಿಟ್ಟುಕೊಳ್ಳಿ, ಎಂಪಿ3 ಆಮೇಲೆ. ಗೊರಗೊರ ತೆಗೆಯೋ ಆಸೆ ಆದರೆ ಪ್ರತಿಯ ಮೇಲೆ ಮಾಡಿ.

ತೀರ್ಥಹಳ್ಳಿಯವ

ಎಲ್ಲರಿಗೂ ಥ್ಯಾಂಕ್ಸ್. ಬೂಸ್ಟು ಇದೆ, ಸುಬ್ಬಣ್ಣನವರ ಕ್ಯಾಸೆಟ್‌ಗೇ ಜಾಸ್ತಿ. ಚೀಟಿ ಇಲ್ಲದ್ದರಲ್ಲಿ ಚೊಕ್ಕ ಇದ್ದ ಒಂದನ್ನು ಹಾಕಿದೆ: ಮೊದಲು ರೇಡಿಯೋದ ಅಡಿಕೆ ಧಾರಣೆ, ಆಮೇಲೆ ಇದ್ದಕ್ಕಿದ್ದಂತೆ ಚಂಡೆ. ಭಾಗವತರು ಯಾರು ಅಂತ ಗೊತ್ತಾಗಲಿಲ್ಲ. ಒಂದು ತುಂಡು ಇಲ್ಲಿ ಹಾಕುತ್ತೇನೆ, ಮಾಣಿ ಕೇಳಿ ಹೇಳಬೇಕು. ಕೊಪ್ಪದ ಅಣ್ಣ, ಸೆಟ್‌ನ ಬೆಲ್ಟ್ ಸಡಿಲ ಆದ ಹಾಗಿದೆ, ನಿಮ್ಮಲ್ಲಿ ಸಿಗುತ್ತಾ?