ಪದಚರ್ಚೆ: ಬ್ಯಾಂಡಿನ ‘ಸೌಂಡ್’ಗೆ ಏನನ್ನೋಣ? ಹಾಗೇ ‘ಪ್ರೋಟೋ-ಪಂಕ್’ಗೆ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಪೇರ್ ಉಬು ಅನ್ನುವ ರಾಕ್ ಬ್ಯಾಂಡ್ ಬಗ್ಗೆ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

‘1989ರ ಹೊತ್ತಿಗೆ ಬ್ಯಾಂಡಿನ ಸೌಂಡ್ ಬದಲಾಗಿತ್ತು’ ಎಂದು ಬರೆದಿದ್ದೆ. ಕರಡು ಓದಿದ ಗೆಳೆಯರೊಬ್ಬರು ‘ಸೌಂಡ್’ ಹೊಡೆದುಹಾಕಿ ‘ಧ್ವನಿ’ ಮಾಡಿದರು. ಅಲ್ಲೇ ಎಡವಟ್ಟಾಯಿತು. ಈ ಬ್ಯಾಂಡಿನಲ್ಲಿ ಬದಲಾಗದೆ ಉಳಿದಿದ್ದೇ ಧ್ವನಿ! ಹಾಡುಗಾರ ಡೇವಿಡ್ ಥಾಮಸ್ ಭಾರೀ ಆಳು, ಕಂಠ ಮಾತ್ರ ಕೀರಲು. 1975ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಶುರುವಾದ ಬ್ಯಾಂಡಿಗೆ ಯಾರ್ಯಾರೋ ಬಂದರು, ಹೋದರು. ಆತ ಮಾತ್ರ ಕದಲಲಿಲ್ಲ.

ಬದಲಾಗಿದ್ದು ಆ ಕಂಠದ ಸುತ್ತಮುತ್ತ ಇದ್ದದ್ದು. 1978ರ ಮೊದಲ ಆಲ್ಬಮ್ ‘ದಿ ಮಾಡರ್ನ್ ಡಾನ್ಸ್’ ಹಾಕಿ ನೋಡಿ. ಶುರುವಿಗೇ ಕಿವಿ ಕೊರೆಯುವ ‘ಕುಂಯ್’. ಸ್ಪೀಕರ್ ಕೆಟ್ಟಿತಾ ಅನ್ನಿಸುತ್ತದೆ. ಆಮೇಲೆ ನೋಡಿದರೆ ಗಿಟಾರಿನಲ್ಲಿ ಹಳೇ ರಾಕ್ ಅಂಡ್ ರೋಲ್! ಅಲೆನ್ ರೇವನ್‌ಸ್ಟೈನ್ ಕೈಯಲ್ಲಿ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯ ಇದೆ. ಆದರೆ ರಾಗಕ್ಕಿಂತ ಜಾಸ್ತಿ ಅದರಿಂದ ಬರುವುದು ಬುಸ್ಸೆನ್ನುವ ಹಬೆ, ಕಾರ್ಖಾನೆಯ ಗೊರಗೊರ. 1989ರ ‘ಕ್ಲೌಡ್‌ಲ್ಯಾಂಡ್’ಗೆ ಬಂದರೆ ಎಲ್ಲ ನುಣುಪು, ಗುನುಗುವಂಥ ಪಾಪ್ ಹಾಡುಗಳು.

ಇದಕ್ಕೆ ‘ಧಾಟಿ’ ಅಂದರೆ ಹಾಡಿನ ಓಟ ಮಾತ್ರ ಸಿಕ್ಕಿತು, ಹಬೆ ಬಿಟ್ಟುಹೋಯಿತು. ‘ನಾದ’ ಅಂದರೆ ತಂಬೂರಿ ನೆನಪಾಗುತ್ತದೆ. ಕಾರ್ಖಾನೆಗೆ ಅಷ್ಟು ಮಡಿ ಬೇಡ. ‘ಸೌಂಡ್’ ಹಾಗೇ ಬಿಡೋಣ ಅಂದರೆ, ‘ಜಾಸ್ತಿ ಸೌಂಡ್ ಮಾಡ್ಬೇಡ’ ಅನ್ನುವ ಊರು ನಮ್ಮದು. ನನ್ನ ಒಲವು ‘ಸದ್ದಿ’ನ ಕಡೆ. ಹಾಡು, ಗದ್ದಲ ಎರಡೂ ಅದರಲ್ಲಿ ಹಿಡಿಸುತ್ತವೆ. ತೊಂದರೆ ಇಷ್ಟೇ: ಸಿನಿಮಾ ಪುಟಗಳು ಅದನ್ನು ಸವೆಸಿಬಿಟ್ಟಿವೆ. ‘ಬ್ಯಾಂಡಿನ ಹೊಸ ಸದ್ದು’ ಅಂದರೆ ಗಾಂಧಿನಗರದ ಸುದ್ದಿ ಥರ ಕೇಳಿಸುತ್ತದೆ, ಅಲ್ವಾ?

ಇನ್ನು ‘ಪ್ರೋಟೋ-ಪಂಕ್’. ಪಂಕ್ ಅಂದರೆ ಎಪ್ಪತ್ತರ ದಶಕದ ಒರಟು, ವೇಗದ ರಾಕ್; ಅದಕ್ಕೂ ಮುಂಚೆ ಬಂದು ಅದಕ್ಕೆ ದಾರಿ ಮಾಡಿಕೊಟ್ಟಿದ್ದು ಪ್ರೋಟೋ-ಪಂಕ್. ‘ಪ್ರೋಟೋ-ದ್ರವಿಡಿಯನ್’ಗೆ ‘ಮೂಲ ದ್ರಾವಿಡ’ ಇದೆಯಲ್ಲ, ‘ಮೂಲ ಪಂಕ್’ ಸಾಕು ಅಂದುಕೊಂಡಿದ್ದೆ. ಆದರೆ ಓದುವವರು ‘ಅಸಲಿ ಪಂಕ್’ ಅಂದುಕೊಳ್ಳುತ್ತಾರೆ. ಪಂಕ್‌ನ ಮೊದಲಿಗರು ಅನ್ನಿಸಿಕೊಂಡ ರಾಮೋನ್ಸ್ ಬ್ಯಾಂಡಿನ ಅಭಿಮಾನಿಗಳು ಜಗಳಕ್ಕೇ ಬಂದಾರು. ಅದಕ್ಕಿಂತ ‘ಪೂರ್ವದ ಹಳಗನ್ನಡ’ದ ಹಾಗೆ ‘ಪೂರ್ವದ ಪಂಕ್’ ವಾಸಿ. ಎರಡೂ ಆಮೇಲಿನವರು ಹಿಂತಿರುಗಿ ನೋಡಿ ಇಟ್ಟ ಹೆಸರು. ತಾವು ಬರೆಯುತ್ತಿರುವುದು ಪೂರ್ವದ ಹಳಗನ್ನಡ ಅಂತ ಹಲ್ಮಿಡಿ ಶಾಸನ ಬರೆದವರಿಗೆ ಗೊತ್ತಿತ್ತೇ? (ದಯವಿಟ್ಟು ‘ಪೂರ್ವಪಂಕ’ ಎಂದು ಸಮಾಸ ಮಾಡಬೇಡಿ, ಕೆಸರಾಗುತ್ತದೆ.)

ಇಲ್ಲೂ ಪೇರ್ ಉಬು ಕಾಲಿಗೆ ತೊಡರುತ್ತದೆ. ಅವರ ಮೊದಲ ಸಿಂಗಲ್ ಬಂದಿದ್ದು 1975ರ ಕೊನೆಗೆ, ರಾಮೋನ್ಸ್‌ನ ಮೊದಲ ಆಲ್ಬಮ್ಮಿಗಿಂತ ಮುಂಚೆ. ಹಾಗಾಗಿ ಪ್ರೋಟೋ. 1978ರ ಆಲ್ಬಮ್ ಆಗಲೇ ಪೋಸ್ಟ್-ಪಂಕ್, ಅಂದರೆ ಪಂಕ್ ಆದಮೇಲಿನ ಸಂಗೀತದ ಲೆಕ್ಕಕ್ಕೆ ಸೇರುತ್ತದೆ. ಪೂರ್ವವೂ ಅವರೇ, ಉತ್ತರವೂ ಅವರೇ. ನಡುವೆ ಸರಿಯಾಗಿ ಮೂರು ವರ್ಷವೂ ಇಲ್ಲ! ಅವರಾಗಿ ಹೇಳಿಕೊಂಡ ಹೆಸರು ‘ಅವಾಂ-ಗರಾಜ್’. ಅವಾಂ-ಗಾರ್ಡ್ (ಹೊಸ ಪ್ರಯೋಗದ ಕಲೆ) ತಲೆಗೆ ಗ್ಯಾರೇಜ್ ರಾಕ್‌ನ (ಒರಟು, ಸರಳ ರಾಕ್) ಬಾಲ. ಅದನ್ನು ಕನ್ನಡಕ್ಕೆ ತರುವ ಗೋಜಿಗೆ ನಾನು ಹೋಗುವುದಿಲ್ಲ.

‘ಸದ್ದು’ ನಡೆಯುತ್ತದಾ, ಹೇಳಿ. ಆರ್ಕೆಸ್ಟ್ರಾಗಳ ಜೊತೆ ಓಡಾಡಿದವರು ಯಾರಾದರೂ ಇದ್ದೀರಾ? ಕೀಬೋರ್ಡಿನವರು ಬದಲಾದರೆ ಇಡೀ ತಂಡವೇ ಬೇರೆ ಥರ ಕೇಳಿಸುತ್ತದಲ್ಲ, ಅದಕ್ಕೆ ಅಲ್ಲಿ ಏನನ್ನುತ್ತಾರೆ?