ಎಣ್ಣೆಯಲ್ಲಿ ಮುಳುಗಿದ ಬ್ಯಾಟರಿ: ನನ್ನ ಸ್ಕೂಟರಿಗೂ ಬೇಕೇ?

ಪ್ರಶ್ನೆ (ಕಲಬುರಗಿಯ ಸದಸ್ಯರು): ನಮಸ್ಕಾರ ಸರ್. ನನ್ನದು ಎಲೆಕ್ಟ್ರಿಕ್ ಸ್ಕೂಟರ್. ಡೆಲಿವರಿ ಕೆಲಸ, ದಿನಕ್ಕೆ ಎರಡು ಸಲ ಚಾರ್ಜ್ ಮಾಡುತ್ತೇನೆ. ಏಪ್ರಿಲ್–ಮೇ ತಿಂಗಳಲ್ಲಿ ಬ್ಯಾಟರಿ ಪೆಟ್ಟಿಗೆಯ ಮೇಲೆ ಕೈ ಇಡಲಾಗುವುದಿಲ್ಲ. ಸೆಲ್‌ಗಳನ್ನು ಎಣ್ಣೆಯಲ್ಲಿ ಮುಳುಗಿಸಿದ ವಿಡಿಯೊ ನೋಡಿದೆ. ಶಾರ್ಟ್ ಸರ್ಕ್ಯೂಟ್ ಆಗುವುದಿಲ್ಲವೇ? ಟ್ರಾನ್ಸ್‌ಫಾರ್ಮರ್ ಎಣ್ಣೆ ತಂದು ಮೆಕ್ಯಾನಿಕ್ ಕೈಯಲ್ಲಿ ತುಂಬಿಸಬಹುದೇ?

ಉತ್ತರ (ಬ್ಯಾಟರಿ ಎಂಜಿನಿಯರ್): ದಯವಿಟ್ಟು ತುಂಬಿಸಬೇಡಿ. ಆದರೆ ನಿಮ್ಮ ಊಹೆಯಲ್ಲಿ ಹುರುಳಿದೆ. ಬೀದಿ ಬದಿಯ ಟ್ರಾನ್ಸ್‌ಫಾರ್ಮರಿನೊಳಗೆ ಸುರುಳಿಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಆ ಎಣ್ಣೆ ವಿದ್ಯುತ್ತನ್ನು ತಡೆಯುತ್ತದೆ, ಶಾಖವನ್ನು ಒಯ್ಯುತ್ತದೆ. ಬ್ಯಾಟರಿಯಲ್ಲೂ ತತ್ವ ಅದೇ.

ಶಾಖ ಎಷ್ಟೆಂದು ನೋಡಿ. 5 ಆಂಪಿಯರ್-ಅವರ್ ಸೆಲ್‌ನ ಒಳರೋಧ 25 ಮಿಲಿಓಮ್ ಎಂದಿಟ್ಟುಕೊಳ್ಳೋಣ. 5 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ ಹುಟ್ಟುವ ಶಾಖ ಸುಮಾರು 0.6 ವ್ಯಾಟ್. ಇಪ್ಪತ್ತು ನಿಮಿಷದಲ್ಲಿ ತುಂಬಬೇಕೆಂದು 15 ಆಂಪಿಯರ್ ಹರಿಸಿದರೆ 5.6 ವ್ಯಾಟ್. ಕರೆಂಟ್ ಮೂರು ಪಟ್ಟು, ಶಾಖ ಒಂಬತ್ತು ಪಟ್ಟು! ವೇಗದ ಚಾರ್ಜಿಂಗ್ ಬಂದಾಗಲೇ ತಂಪು ಮಾಡುವ ಪ್ರಶ್ನೆ ಕಠಿಣವಾಗುವುದು.

ಶಾಖ ಹೊರುವುದರಲ್ಲಿ ನೀರು ಎಣ್ಣೆಗಿಂತ ಎರಡೂವರೆ ಪಟ್ಟು ಸಮರ್ಥ. ಆದರೆ ನೀರು ಸೆಲ್ ಮುಟ್ಟುವಂತಿಲ್ಲ. ಆದ್ದರಿಂದ ಇಂದಿನ ಹೆಚ್ಚಿನ ಕಾರುಗಳಲ್ಲಿ ನೀರು–ಗ್ಲೈಕಾಲ್ ಮಿಶ್ರಣ ಲೋಹದ ತಟ್ಟೆಯೊಳಗೆ ಹರಿಯುತ್ತದೆ. ಸೆಲ್‌ನ ಶಾಖ ಅಂಟು, ನಿರೋಧಕ ಹಾಳೆ, ಲೋಹ ಎಲ್ಲವನ್ನೂ ದಾಟಿ ಅದನ್ನು ತಲುಪಬೇಕು. ಎಣ್ಣೆಗೆ ಈ ಅಡ್ಡಗೋಡೆಗಳಿಲ್ಲ. ಅದು ಸೆಲ್‌ನ ಮೈಗೇ ತಗುಲಿ ಹರಿಯುತ್ತದೆ. ನನ್ನ ಪ್ರಕಾರ ಇದರ ನಿಜವಾದ ಲಾಭ ತಂಪಿಗಿಂತ ಸಮತೆ. ಪ್ಯಾಕ್‌ನ ಯಾವ ಎರಡು ಸೆಲ್‌ಗಳ ನಡುವೆಯೂ 5 ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದೆಂದು ನಾವು ಹೆಣಗುತ್ತೇವೆ, ಏಕೆಂದರೆ ಹೆಚ್ಚು ಬಿಸಿಯಾದ ಸೆಲ್ ಬೇಗ ಮುಪ್ಪಾಗಿ ಇಡೀ ಪ್ಯಾಕನ್ನು ಕೆಳಕ್ಕೆಳೆಯುತ್ತದೆ.

ಮರ್ಸಿಡಿಸ್-ಎಎಂಜಿ 2021ರಲ್ಲಿ ಪರಿಚಯಿಸಿದ ಹೈಬ್ರಿಡ್ ಕಾರಿನ ಬ್ಯಾಟರಿ ನೋಡಿ. 6.1 ಕಿಲೋವ್ಯಾಟ್-ಅವರ್, 560 ಸೆಲ್‌ಗಳು, ಸುತ್ತ ಹರಿಯುವ ಸುಮಾರು 14 ಲೀಟರ್ ನಿರೋಧಕ ದ್ರವ. ಅಷ್ಟು ಚಿಕ್ಕ ಪ್ಯಾಕ್ ಹತ್ತು ಸೆಕೆಂಡು 150 ಕಿಲೋವ್ಯಾಟ್ ಕೊಡುತ್ತದೆ, ಉಷ್ಣತೆ ಸರಾಸರಿ 45 ಡಿಗ್ರಿಯ ಆಸುಪಾಸು ನಿಲ್ಲುತ್ತದೆ.

ಅದರಲ್ಲಿ ಪಂಪ್ ಇದೆ, ಶಾಖ ಹೊರಹಾಕುವ ವ್ಯವಸ್ಥೆ ಇದೆ. ನಿಮ್ಮ ಪೆಟ್ಟಿಗೆಗೆ ಬರೀ ಎಣ್ಣೆ ಸುರಿದರೆ ಅದು ಸ್ವಲ್ಪ ಹೊತ್ತು ಶಾಖ ಹೀರಿ, ಬಳಿಕ ತಾನೇ ಬಿಸಿಯಾಗಿ ಕೂರುತ್ತದೆ. ಬಿಸಿಯಾದ ಎಣ್ಣೆ ಹಿಗ್ಗುತ್ತದೆ, ರಬ್ಬರ್ ಸೀಲ್‌ಗಳು ಉಬ್ಬಿ ಸೋರಬಹುದು. ಮುಚ್ಚಿದ ಪ್ಯಾಕ್ ಬಿಚ್ಚಿದರೆ ವಾರಂಟಿಯೂ ಹೋಯಿತು, ನೀರು ಒಳಬರದ ಭದ್ರತೆಯೂ ಹೋಯಿತು.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಎಣ್ಣೆಯಲ್ಲಿದ್ದರೆ ಬೆಂಕಿ ಹತ್ತುವುದಿಲ್ಲವೇ ಸರ್?

ಉತ್ತರ: ಹತ್ತುವುದೇ ಇಲ್ಲ ಎನ್ನಲಾಗದು ಮೇಡಂ. ಸೆಲ್ ಸುಮಾರು 80–120 ಡಿಗ್ರಿ ಮುಟ್ಟಿದಾಗ ಒಳಗಿನ ರಕ್ಷಣಾ ಪದರ ಒಡೆದುಹೋಗತೊಡಗುತ್ತದೆ. 130ರ ಹೊತ್ತಿಗೆ ಸೆಲ್‌ನ ಎರಡು ಧ್ರುವಗಳನ್ನು ಬೇರ್ಪಡಿಸುವ ಪಾಲಿಎಥಿಲೀನ್ ಪೊರೆ ಕರಗುತ್ತದೆ. ಅಲ್ಲಿಂದ ಮುಂದೆ ಆ ಸೆಲ್ಲನ್ನು ಉಳಿಸುವುದು ಕಷ್ಟ. ಆದರೆ ಹರಿಯುವ ದ್ರವ ಅದರ ಶಾಖವನ್ನು ಒಯ್ದು ಪಕ್ಕದ ಸೆಲ್‌ಗಳನ್ನು ಕಾಯಬಲ್ಲದು. ಕೆಟ್ಟ ಸೆಲ್ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಉಗುಳುವುದರಿಂದ ಅನಿಲ ಹೊರಹೋಗಲು ದಾರಿಯೂ ಬೇಕು. ಖನಿಜ ಎಣ್ಣೆಯ ಆವಿ ಸುಮಾರು 140 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳುತ್ತದೆ, ಸಿಂಥೆಟಿಕ್ ಎಸ್ಟರ್ ಎಂಬ ಕೃತಕ ನಿರೋಧಕ ದ್ರವಗಳಿಗೆ 250ಕ್ಕೂ ಹೆಚ್ಚು ಬೇಕು. ನಾನು ಎಸ್ಟರ್‌ಗಳ ಪರ. ಉರಿಯದ ಫ್ಲೋರಿನ್ ದ್ರವಗಳಿವೆ, ಆದರೆ ಅವು ಪರಿಸರದಲ್ಲಿ ನಾಶವಾಗದೆ ಉಳಿಯುತ್ತವೆ. ಅಂಥ ರಾಸಾಯನಿಕಗಳ ತಯಾರಿಕೆಯನ್ನು 2025ರ ಕೊನೆಗೆ ನಿಲ್ಲಿಸುವುದಾಗಿ 3ಎಂ ಕಂಪನಿ 2022ರಲ್ಲೇ ಪ್ರಕಟಿಸಿತು.

ಮೊದಲ ಸದಸ್ಯರು: ಹಾಗಾದರೆ ನಾನೇನು ಮಾಡಲಿ?

ಉತ್ತರ: ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ನೆರಳಿನಲ್ಲಿ ಅರ್ಧ ಗಂಟೆಯಾದರೂ ಆರಲು ಬಿಡಿ. ಒಂದು ಚಾರ್ಜನ್ನು ನಸುಕಿಗೆ ಸರಿಸಿ. ಬ್ಯಾಟರಿ ಪೆಟ್ಟಿಗೆಯನ್ನು ಸ್ಕೂಟರಿನಿಂದ ಹೊರತೆಗೆಯಲು ಬರುವುದಾದರೆ ಮಧ್ಯಾಹ್ನ ಗಾಳಿಯಾಡುವ ನೆರಳಿನಲ್ಲಿಡಿ, ಮನೆ ಬಾಗಿಲಿನ ದಾರಿಯಲ್ಲಿ ಮಾತ್ರ ಬೇಡ. ಪೆಟ್ಟಿಗೆ ಉಬ್ಬಿದ್ದರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ ಅಂದೇ ಬಳಕೆ ನಿಲ್ಲಿಸಿ ಸರ್ವಿಸ್ ಕೇಂದ್ರಕ್ಕೆ ತಿಳಿಸಿ.