ಒಂದು ಸಂಜೆಗೆ ಪ್ರೊಜೆಕ್ಟರ್ ಬೇಕಿತ್ತು (ಗೋಣಿಕೊಪ್ಪ, ಪೊನ್ನಂಪೇಟೆ ಕಡೆ)

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪ ಸುತ್ತಮುತ್ತ ಯಾರ ಹತ್ತಿರವಾದರೂ ಒಳ್ಳೆ ಪ್ರೊಜೆಕ್ಟರ್ ಇದೆಯಾ? ಒಂದು ಶನಿವಾರ ಸಂಜೆಗೆ ಸಾಕು. ನಾವೇ ಬಂದು ತಗೊಂಡು ಹೋಗಿ, ಮರುದಿನ ತಲುಪಿಸುತ್ತೇವೆ.

ತೋಟದ ಲೈನ್ ಮನೆ (ಕೆಲಸದವರ ಸಾಲು ಮನೆ) ಮಕ್ಕಳಿಗೆ ‘ಲೈಫ್ ಆಫ್ ಪೈ’ ತೋರಿಸುವ ಆಸೆ. ಆಂಗ್ ಲೀ ಅವರ 2012ರ ಸಿನಿಮಾ. ಹಡಗು ಮುಳುಗಿ, ಪಾಂಡಿಚೇರಿಯ ಹುಡುಗನೊಬ್ಬ 227 ದಿನ ಸಮುದ್ರದಲ್ಲಿ ಹುಲಿ ಜೊತೆ ಬದುಕುವ ಕಥೆ. ರಾತ್ರಿ ನೀರೆಲ್ಲ ನೀಲಿಯಾಗಿ ಹೊಳೆಯುವಾಗ ತಿಮಿಂಗಿಲ ದೋಣಿ ಪಕ್ಕದಲ್ಲೇ ಮೇಲಕ್ಕೆ ಹಾರುತ್ತದಲ್ಲ, ಅದನ್ನು ಮೊಬೈಲಲ್ಲಿ ನೋಡಿದರೆ ಏನು ಮಜಾ? ಪರದೆಯೂ ಇದ್ದರೆ ಇನ್ನೂ ಒಳ್ಳೇದು. ಇಲ್ಲದಿದ್ದರೆ ಬಿಳಿ ಗೋಡೆ ಇದೆ.

ಇನ್ನೊಂದು ಚಿಂತೆ. ನಮ್ಮ ಕಡೆ ಹುಲಿ ಅಂದರೆ ಬರೀ ಸಿನಿಮಾ ಅಲ್ಲ, ಕೊಟ್ಟಿಗೆಗೆ ಬಂದು ದನ ಹಿಡಿಯುವ ಹುಲಿ. ದೋಣಿಯಲ್ಲಿ ಕತ್ತೆಕಿರುಬ ಜೀಬ್ರಾವನ್ನು ಕೊಲ್ಲುವುದೂ ಇದೆ. ಎಂಟು-ಹತ್ತು ವರ್ಷದವರಿಗೆ ತೋರಿಸಿದವರು ಯಾರಾದರೂ ಇದ್ದೀರಾ? ಹೆದರಿದರಾ?

ಹುಡುಗ ಕೃಷ್ಣ, ಏಸು, ಅಲ್ಲಾ ಮೂವರನ್ನೂ ನಂಬುವುದು ಇವರಿಗೆ ವಿಚಿತ್ರ ಅನ್ನಿಸಲ್ಲ, ಲೈನಲ್ಲಿ ಎಲ್ಲರೂ ಇದ್ದಾರೆ. ಆದರೆ ಕೊನೆಗೆ ಅವನು ಪ್ರಾಣಿಗಳೇ ಇಲ್ಲದ ಇನ್ನೊಂದು ಕಥೆ ಹೇಳುತ್ತಾನಲ್ಲ, ಅದರ ಬಗ್ಗೆ ಮಕ್ಕಳು ಕೇಳಿದರೆ ಏನು ಹೇಳೋದು? ಮೇಷ್ಟ್ರುಗಳು ಸ್ವಲ್ಪ ದಾರಿ ತೋರಿಸಿ.

ಕರೆಂಟ್ ಹೋದರೆ ಜನರೇಟರ್ ಇದೆ. ಪ್ರೊಜೆಕ್ಟರ್ ಇರುವವರು ಮೆಸೇಜ್ ಹಾಕಿ.